ನಿಮ್ಮನೇಲಿ ಯಾವುದು ಹಾಕಿದ್ದೀರಿ?

ಫೆಬ್ರುವರಿ 3, ಸೋಮವಾರ

ಅಂಗಡಿ ಶಟರ್ ಎತ್ತೋ ಹೊತ್ತಿಗೆ ಕ್ಯಾಸನೂರಿನ ಮುದುಕ ಮೆಟ್ಟಿಲ ಮೇಲೆ ಕೂತಿದ್ದ. ಮೊದಲ ಬಸ್ಸಿಗೇ ಹತ್ತಿ ಸೊರಬ ದಾಟಿ ಶಿಕಾರಿಪುರಕ್ಕೆ ಬಂದಿದಾನೆ. ತೊಡೆ ಮೇಲೆ ಸಿಪಿಯು, ಅದಕ್ಕೊಂದು ಟವೆಲ್ ಸುತ್ತಿದಾನೆ. ಬೋಣಿಗೆ ಮೊದಲೇ ರಿಪೇರಿ ಬಂತಲ್ಲ ಅಂತ ಮನಸ್ಸಲ್ಲೇ ಬೈಕೊಂಡೆ.

"ಲೈಟು ಬರ್ತದೆ ಕೊಟ್ರೇಶ್, ಆದ್ರೆ ಒಳಗೆ ಹೋಗಾಕೆ ಬಿಡ್ತಿಲ್ಲ" ಅಂದ.

ಹೆಸರು ಶೇಷಪ್ಪ. ಆರೋಗ್ಯ ಇಲಾಖೆಯಲ್ಲಿದ್ದು ರಿಟೈರ್ ಆದವನು. 2023ರ ಆಯುಧ ಪೂಜೆ ಹೊತ್ತಿಗೆ ಕಂಪ್ಯೂಟರ್ ನಿಧಾನ ಅಂತ ತಂದಿದ್ದ. ಹಳೇ ಹಾರ್ಡ್ ಡಿಸ್ಕ್ ತೆಗೆದು ಹೊಸ ಥರದ ಡ್ರೈವ್, ಎಸ್‌ಎಸ್‌ಡಿ ಹಾಕಿ ಕಳಿಸಿದ್ದೆ. ಇವತ್ತು ಬಿಚ್ಚಿ ನೋಡಿದರೆ ಆ ಡ್ರೈವ್ ಒಳಗಿದೆ ಅನ್ನೋದೇ ಮೆಷಿನ್‌ಗೆ ಗೊತ್ತಿಲ್ಲ. ಕೇಬಲ್ ಬದಲಾಯಿಸಿದೆ, ಬೇರೆ ಮೆಷಿನ್‌ಗೆ ಹಾಕಿದೆ. ಸತ್ತಿದೆ. ಹಳೇ ಡಿಸ್ಕುಗಳಾದರೆ ಸಾಯೋ ಮುಂಚೆ ಒಂದು ವಾರ ಕಟಕಟ ಅಂತ ಸದ್ದು ಮಾಡೋವು. ಇವು ಹೇಳದೆ ಕೇಳದೆ ಹೋಗ್ತವೆ.

"ಕಾಪಿ ಇಟ್ಟಿಲ್ವಾ?" ಅಂದರೆ "ನೀವೇ ಬೇಡ ಅಂದ್ರಲ್ಲ" ಅಂದ. ನಾನು ಅಂದಿದ್ದೆನಾ? ಅಂದಿರಬಹುದು. ದಿನಕ್ಕೆ ಐವತ್ತು ಜನರ ಹತ್ರ ಮಾತಾಡ್ತೀನಿ. ಎರಡು ದಿನ ಇಲ್ಲೇ ಬಿಟ್ಟು ಹೋಗಿ ಅಂತ ಸಾಗಹಾಕಿದೆ.

ಈ ಡೈರಿ ಗೊಬ್ಬರದ ಅಂಗಡಿಯವರು ಕೊಟ್ಟದ್ದು. ಸರ್ವಿಸಿಗೆ ಬಂದ ಮಾಲು ಬರೆದಿಡೋಕೆ ಅಂತ ಇಟ್ಟುಕೊಂಡಿದ್ದು. ಜನವರಿ ಪೂರ್ತಿ ಒಂದೊಂದೇ ಸಾಲು. ಇವತ್ತು ಯಾಕೋ ಉದ್ದ ಆಯ್ತು.

ಫೆಬ್ರುವರಿ 5, ಬುಧವಾರ

ಶೇಷಪ್ಪನ ಡ್ರೈವ್ ಏಳಲಿಲ್ಲ. ಅದು ಆ ಇಪ್ಪತ್ತರ ಲಾಟಿನದು. ಹೆಸರಿಲ್ಲದ ಕಂಪನಿ. ಇಪ್ಪತ್ತು ಒಟ್ಟಿಗೆ ತಗೊಂಡರೆ ಒಂದು ಮಿಕ್ಸಿ ಫ್ರೀ ಅಂತ ಡೀಲರ್ ಹೇಳಿದ್ದ, ತಗೊಂಡೆ. ಆ ಮಿಕ್ಸಿಯಲ್ಲೇ ನನ್ನ ಹೆಂಡತಿ ಸೌಂದರ್ಯ ದಿನಾ ಚಟ್ನಿ ರುಬ್ಬೋದು. ನಮ್ಮ ಮನೆ ಕಂಪ್ಯೂಟರಿಗೆ ನಾನು ಹಾಕಿಕೊಂಡಿರೋದು ಬೇರೆ. ಐದು ವರ್ಷ ವಾರಂಟಿ ಇರೋದು, ಶಿವಮೊಗ್ಗದಿಂದ ತರಿಸಿದ್ದು.

ಡ್ರೈವ್ ಹಾಕಿಸೋಕೆ ಬಂದ ದಿನ ಶೇಷಪ್ಪ ಕೌಂಟರ್ ಮೇಲೆ ಕೈಯಿಟ್ಟು ಕೇಳಿದ್ದು ಸರಿಯಾಗಿ ನೆನಪಿದೆ. ರೇಟು ಕೇಳಲಿಲ್ಲ, ಕಂಪನಿ ಕೇಳಲಿಲ್ಲ. "ನಿಮ್ಮನೇಲಿ ಯಾವುದು ಹಾಕಿದ್ದೀರಿ?" ಅಂದ. ಇಲ್ಲಿ ಎಲ್ಲರೂ ಹಂಗೇ ಕೇಳೋದು. ಫ್ಯಾನ್ ಅಂಗಡಿಯಲ್ಲೂ ಅದೇ, ಬೀಜದ ಅಂಗಡಿಯಲ್ಲೂ ಅದೇ. "ಇದೇ ಸರ್, ನಮ್ಮನೇಲೂ ಇದೇ" ಅಂದೆ. ಯಾವ ಅಂಗಡಿಯವನು ಹೇಳಲ್ಲ? ಅದು ಮಾತಿಗೆ ಬರೋ ಮಾತು. ಲಾಟಿನಲ್ಲಿ ಹದಿನಾರು ಮಾರಿದ್ದೀನಿ, ಬೇರೆ ಯಾರೂ ಬಂದು ಜಗಳ ಆಡಿಲ್ಲ.

ಆ ಕಡೆ ಕರೆಂಟಿನ ಏರಿಳಿತ ಜಾಸ್ತಿ. ಅದಕ್ಕೇ ಹೋಗಿರುತ್ತೆ.

ಫೆಬ್ರುವರಿ 8, ಶನಿವಾರ

ಮಧ್ಯಾಹ್ನ ಊಟಕ್ಕೆ ಕೂತಾಗ ಶೇಷಪ್ಪನ ಫೋನ್. ಆಯ್ತಾ ಅಂತ ಕೇಳೋಕೆ ಮಾಡಿದಾನೆ ಅಂದುಕೊಂಡು ಸಿಡುಕಿನಲ್ಲೇ ಎತ್ತಿದೆ.

"ಕೊಟ್ರೇಶ್, ನನ್ನದಿರಲಿ. ನಿಮ್ಮನೇಲೂ ಇದೇ ಅಲ್ವ ಇರೋದು? ನಿನ್ನೆ ಬಸ್ಸಲ್ಲಿ ನೆನಪಾಯ್ತು ನೋಡಿ. ನಿಮ್ಮದು ಹೋಗೋ ಮುಂಚೆ ಒಳಗಿರೋದೆಲ್ಲ ತೆಗೆದಿಟ್ಕೊಳ್ಳಿ. ಮಗಳ ಫೋಟೋ ಗೀಟೋ ಇರ್ತಾವೆ" ಅಂದ.

ಕೈಯಲ್ಲಿದ್ದ ತುತ್ತು ಕೈಯಲ್ಲೇ ಇತ್ತು. "ನಮ್ಮದೂ ಹೋಯ್ತು ಸರ್, ಮೊನ್ನೆನೇ ಹೋಯ್ತು. ಕಂಪನಿಯವರ ಮೋಸ" ಅಂದುಬಿಟ್ಟೆ.

"ಛೆ ಛೆ. ನಿಮಗೂ ಹಿಂಗಾಯ್ತಾ" ಅಂದ. ನಿಜವಾಗಿ ನೊಂದುಕೊಂಡ ದನಿ.

"ಯಾರದು?" ಅಂದಳು ಸೌಂದರ್ಯ. ಗಿರಾಕಿ ಅಂದೆ.

ಫೆಬ್ರುವರಿ 14, ಶುಕ್ರವಾರ

ಡ್ರೈವನ್ನ ಹುಬ್ಬಳ್ಳಿಯ ಡೇಟಾ ರಿಕವರಿ ಲ್ಯಾಬಿಗೆ ಕೊರಿಯರ್ ಮಾಡಿದೆ. ನನ್ನ ಖರ್ಚಲ್ಲೇ. ವಾರಂಟಿ ಅಂತ ಕೇಳಿದರೆ ಕಂಪನಿಯವರು ಹೊಸ ಡ್ರೈವ್ ಕೊಡ್ತಾರೆ, ಒಳಗಿದ್ದದ್ದನ್ನ ಯಾರು ಕೊಡ್ತಾರೆ.

ಫೆಬ್ರುವರಿ 19, ಬುಧವಾರ

ಶೇಷಪ್ಪ ಬಂದಿದ್ದರು. ತಾಲ್ಲೂಕಾಫೀಸಲ್ಲಿ ಕೆಲಸ ಇತ್ತಂತೆ. ಸ್ಟೂಲ್ ಹಾಕಿಕೊಟ್ಟೆ, ಚಾ ತರಿಸಿದೆ. ಒಳಗೆ ಏನಿತ್ತು ಸರ್ ಅಂತ ಇವತ್ತು ಮೊದಲನೇ ಸಲ ಕೇಳಿದೆ. ಮಾರಿದ ದಿನ ಕೇಳಿರಲಿಲ್ಲ.

ಮೂವತ್ತೊಂದು ನೋಟ್‌ಬುಕ್ ಇದ್ದವಂತೆ. ಮೂವತ್ತು ವರ್ಷ ಕಾಡಂಚಿನ ಊರುಗಳಲ್ಲಿ ಮಂಗನ ಕಾಯಿಲೆ ಡ್ಯೂಟಿ. ಎಲ್ಲಿ ಮಂಗ ಸತ್ತು ಬಿದ್ದಿತ್ತು, ಯಾರ ಮನೆಯಲ್ಲಿ ಯಾರಿಗೆ ಜ್ವರ, ಯಾವತ್ತು ರಕ್ತ ತೆಗೆದದ್ದು, ಯಾರು ಉಳಿದರು, ಯಾರು ಹೋದರು. ಆಫೀಸಿಗೆ ಕಳಿಸೋ ಲೆಕ್ಕದಲ್ಲಿ ಬರೀ ಸಂಖ್ಯೆ ಇರುತ್ತಂತೆ. ಇವರು ತಮ್ಮ ಪಾಡಿಗೆ ಒಬ್ಬೊಬ್ಬರಿಗೆ ಒಂದೊಂದು ಪುಟ ಇಟ್ಟಿದ್ದರು. ರಿಟೈರ್ ಆದಮೇಲೆ ಕನ್ನಡ ಟೈಪಿಂಗಿನ ನುಡಿ ಸಾಫ್ಟ್‌ವೇರ್ ಕಲಿತು, ಎರಡು ಬೆರಳಲ್ಲಿ ಕುಟ್ಟಿ ಕುಟ್ಟಿ ಐದು ವರ್ಷ ಟೈಪ್ ಮಾಡಿದರಂತೆ.

"ಇಂಜೆಕ್ಷನ್ ಹಾಕಾಕೆ ಹೋದ್ರೆ ಜನ ಕೇಳೋದು ಒಂದೇ ಪ್ರಶ್ನೆ ಕೊಟ್ರೇಶ್. ನಿಮ್ಮನೇಲಿ ಹಾಕ್ಸಿದೀರಾ ಅಂತ. ನಾನು ಪ್ರತಿ ವರ್ಷ ಮೊದಲು ನಮ್ಮನೇಲಿ ಎಲ್ರಿಗೂ ಹಾಕ್ಸಿ ಆಮೇಲೆ ಪೆಟ್ಟಿಗೆ ಎತ್ತತಿದ್ದೆ. ನಮ್ಮ ಮನೆಯವಳಿಗೆ ತೋಳು ಊದಿ ಎರಡು ದಿನ ರೊಟ್ಟಿ ತಟ್ಟಾಕೆ ಆಗಿರಲಿಲ್ಲ. ಆ ಬೈಗುಳ ಇನ್ನೂ ನಿಂತಿಲ್ಲ" ಅಂತ ನಕ್ಕರು.

ನಾನು ಚಾ ಲೋಟ ಎತ್ತಿಕೊಂಡು ಒಳಗೆ ಹೋದೆ. ತೊಳೆಯೋ ಅಗತ್ಯ ಇರಲಿಲ್ಲ, ಆದರೂ ತೊಳೆದೆ.

ಹೋಗೋ ಮುಂಚೆ ರೋಜಾ ಅನ್ನೋ ಹುಡುಗಿಯ ವಿಷಯ ಹೇಳಿದರು. ಅವಳು ಆರು ತಿಂಗಳ ಕೂಸಿದ್ದಾಗ ತಾಯಿ ಮಂಗನ ಕಾಯಿಲೆಯಲ್ಲಿ ಹೋದಳಂತೆ. ಅಪ್ಪನೂ ಹೆಚ್ಚು ದಿನ ಇರಲಿಲ್ಲ. ಬೆಳೆದದ್ದು ಹಿರೇಕೆರೂರಿನ ಚಿಕ್ಕಮ್ಮನ ಮನೆಯಲ್ಲಿ. ತಾಯಿಯದು ಒಂದು ಫೋಟೋನೂ ಇಲ್ಲ, ತೀರಿದ ದಿನ ಯಾವುದು ಅಂತ ಹೇಳೋರೂ ಇಲ್ಲ. ಈಗ ಗಂಡ ಹೆಂಡತಿ ಕ್ಯಾಸನೂರಲ್ಲೇ ಮನೆ ಕಟ್ಟಿದಾರೆ, ಬಸವ ಜಯಂತಿ ದಿನ ಮನೆ ಒಕ್ಕಲು. ಇನ್ನು ಮುಂದೆ ಪ್ರತಿ ವರ್ಷ ತೀರಿದ ದಿನಕ್ಕೆ ಅಮ್ಮನಿಗೆ ತನ್ನ ಮನೆಯಲ್ಲಿ ಎಡೆ ಇಡಬೇಕು ಅಂತ ಅವಳ ಆಸೆ. ದಿನ ಗೊತ್ತಿಲ್ಲದವರಿಗೆ ಮಹಾಲಯ ಅಮಾವಾಸ್ಯೆ ಇದ್ದೇ ಇದೆ. ಇವಳಿಗೆ ಅಮ್ಮನ ದಿನವೇ ಬೇಕಂತೆ.

"ನಿಮ್ಮಮ್ಮನ ಪುಟ ನನ್ನ ಹತ್ರ ಐತೆ, ಮನೆ ಒಕ್ಕಲಿಗೆ ಪ್ರಿಂಟ್ ಹಾಕ್ಸಿ ಕೊಡ್ತೀನಿ ಅಂದಿದೀನಿ. ಏಪ್ರಿಲ್ ಕೊನೆ ಒಳಗೆ ಆಗ್ತದಲ್ಲ?"

ಆಗುತ್ತೆ ಸರ್ ಅಂದೆ.

ಮಾರ್ಚ್ 3, ಸೋಮವಾರ

ಹುಬ್ಬಳ್ಳಿಯಿಂದ ಫೋನ್. ಆಗಲ್ಲವಂತೆ. ಒಳಗೆ ಎಲ್ಲ ನಡೆಸೋ ಚಿಪ್ ಒಂದಿರುತ್ತೆ, ಅದೇ ಸುಟ್ಟಿದೆ. ಅದಿಲ್ಲದೆ ಉಳಿದ ಚಿಪ್‌ಗಳಲ್ಲಿರೋದು ಬರೀ ಕಲಸುಮೇಲೋಗರ. "ಈ ಮಾಲು ಯಾಕ್ರೀ ಮಾರ್ತೀರಿ?" ಅಂದ ಆ ಹುಡುಗ. ನನ್ನ ವಯಸ್ಸಿನ ಅರ್ಧ ಇರಬಹುದು. ಫೋನ್ ಇಟ್ಟೆ.

ಶೇಷಪ್ಪನವರಿಗೆ ಇನ್ನೂ ಹೇಳಿಲ್ಲ.

ಮಾರ್ಚ್ 4, ಮಂಗಳವಾರ

ಇದನ್ನ ಬರೀಬಾರದು ಅಂತಿದ್ದೆ.

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ದಿನ, ಅಂಗಡಿ ತುಂಬ ಜನ, ಆನ್‌ಲೈನ್ ಅರ್ಜಿ ಹಾಕೋಕೆ ಕೊನೇ ದಿನ. ಆಗ ಅವರ ಫೋನ್ ಬಂತು. "ಕೊಟ್ರೇಶ್, ಟೈಪಿಂಗ್ ಪೂರ್ತಿ ಆಯ್ತು. ಬುಕ್ಕಿಗೆಲ್ಲ ಗೆದ್ದಲು ಹತ್ತಿದೆ. ರದ್ದಿಗೆ ಹಾಕಂಗಿಲ್ಲ, ಜನರ ಕಾಯಿಲೆ ವಿಷಯ, ನಾಳೆ ಶೇಂಗಾ ಪೊಟ್ಟಣ ಆಗಬಾರದು. ಸುಡಬಹುದಾ? ಕಂಪ್ಯೂಟರಲ್ಲಿ ಇರೋದು ಗ್ಯಾರಂಟಿ ತಾನೆ?"

ಭುಜಕ್ಕೂ ಕಿವಿಗೂ ಮಧ್ಯೆ ಫೋನ್ ಸಿಗಿಸಿಕೊಂಡು, ಯಾರದೋ ಆಧಾರ್ ನಂಬರ್ ಒತ್ತುತ್ತಾ, "ಸುಡ್ರಿ ಸರ್, ಸುಡ್ರಿ. ಹಳೇ ಡಿಸ್ಕಿನ ಹಾಗೆ ಇದರಲ್ಲಿ ತಿರುಗೋದೇ ಏನಿಲ್ಲ, ಕೆಡೋದು ಎಲ್ಲಿಂದ" ಅಂದೆ. ಫೋನ್ ಇಡೋ ಅವಸರ ನನಗೆ.

ಸ್ನಾನದ ಹಂಡೆ ಒಲೆಗೆ ಹಾಕಿದರಂತೆ. ಮೂವತ್ತೊಂದು ಬುಕ್ಕು, ನಾಲ್ಕು ದಿನದ ನೀರು ಕಾದಿತ್ತಂತೆ. ಮೊನ್ನೆ ಚಾ ಕುಡೀತಾ ಅದನ್ನೂ ಹೇಳಿದ್ದರು. ಸುಡಬಹುದಾ ಅಂತ ಕೇಳಿದ್ದನ್ನ ಮಾತ್ರ ಹೇಳಲಿಲ್ಲ. ಮರೆತಿದಾರೋ, ನನ್ನ ಮುಖ ನೋಡಿ ಬಿಟ್ಟರೋ.

ಮಾರ್ಚ್ 7, ಶುಕ್ರವಾರ

ಬೆಳಿಗ್ಗೆ ಹಲ್ಲುಜ್ಜುವಾಗ ಹೊಳೀತು. ಹಳೇ ಹಾರ್ಡ್ ಡಿಸ್ಕ್. ಅದನ್ನ ತೆಗೆದದ್ದು ನಾನೇ. ಅಲ್ಲೀವರೆಗೆ ಅವರು ಹತ್ತಿರ ಹತ್ತಿರ ಐದು ವರ್ಷ ಟೈಪ್ ಮಾಡಿದ್ದೆಲ್ಲ ಅದರಲ್ಲಿತ್ತು. ಹೊಸದಕ್ಕೆ ಕಾಪಿ ಮಾಡಿದ ಮೇಲೆ ಹಳೇದನ್ನ ಅವರಿಗೆ ವಾಪಸ್ ಕೊಡಲಿಲ್ಲ. ಕೊಡೋ ರೂಢಿಯೇ ಇಲ್ಲ. ಕೇಳಿದರೆ ಕೊಡ್ತೀವಿ, ಕೇಳದಿದ್ದರೆ ನಮ್ಮದು.

ಅಂಗಡಿಯ ಅಟ್ಟ ಪೂರ್ತಿ ಜಾಲಾಡಿದೆ. ಮೂಗಿನ ತುಂಬ ಧೂಳು. ಸಿಗಲಿಲ್ಲ. ಹಳೇ ಬಿಲ್ ಪುಸ್ತಕ ತಿರುವಿದರೆ ಆ ನವೆಂಬರಲ್ಲಿ ಒಂದು ಸಿಸಿಟಿವಿ ಫಿಟಿಂಗ್ ಇದೆ. ಮಾರ್ಕೆಟ್ ಯಾರ್ಡಿನ ಅಫ್ಜಲ್ ಅವರ ಮೆಕ್ಕೆಜೋಳದ ಅಂಗಡಿ. ಕ್ಯಾಮೆರಾ ಹೊಸದು ಹಾಕಿ, ರೆಕಾರ್ಡ್ ಆಗೋ ಡಬ್ಬಿಯೊಳಗೆ ಹಳೇ ಡಿಸ್ಕ್ ಕೂರಿಸಿದ್ದೆ. ಎಲ್ಲರೂ ಹಂಗೇ ಮಾಡೋದು, ಅದಕ್ಕೆ ಹೊಸದು ಯಾಕೆ ದಂಡ.

ಮಾರ್ಚ್ 8, ಶನಿವಾರ

"ಏನ್ ಕೊಟ್ರೇಶಣ್ಣ, ನಮ್ಮಂಗಡಿ ಕಳ್ಳತನ ಆಯ್ತಾ, ನಮಗೇ ಗೊತ್ತಿಲ್ಲ?" ಅಂದರು ಅಫ್ಜಲ್ ಭಾಯ್, ನಾನು ಸ್ಕ್ರೂ ಡ್ರೈವರ್ ಹಿಡಿದು ಬಂದದ್ದು ನೋಡಿ. ಡಿಸ್ಕ್ ಬದಲಾಯಿಸಬೇಕು, ಹಳೇದಾಯ್ತು ಅಂದೆ. ಹೊಸದು ಹಾಕಿಕೊಟ್ಟೆ. ಯಾರ ಡಿಸ್ಕ್ ಅಂತ ಹೇಳಲಿಲ್ಲ.

ಅದೇ ಡಿಸ್ಕ್. ಮೂಲೆಯಲ್ಲಿ ನನ್ನದೇ ಕೈಬರಹದಲ್ಲಿ ಸ್ಕೆಚ್ ಪೆನ್ನಿನಿಂದ "ಕ್ಯಾಸನೂರು" ಅಂತ ಇತ್ತು. ನೋಡಿ ಅಲ್ಲೇ ಜೋಳದ ಚೀಲದ ಮೇಲೆ ಕೂತುಬಿಟ್ಟೆ. ಅವರು ನೀರು ತರಿಸಿಕೊಟ್ಟರು.

ಮಾರ್ಚ್ 10, ಸೋಮವಾರ

ಶನಿವಾರ ಸಂಜೆಯಿಂದ ಇವತ್ತಿನವರೆಗೆ ಅಳಿಸಿಹೋದದ್ದನ್ನ ಹುಡುಕೋ ಸಾಫ್ಟ್‌ವೇರ್ ಓಡಿಸಿದೆ. ಗೊತ್ತಿದ್ದದ್ದೇ. ಸಿಸಿಟಿವಿ ಡಬ್ಬಿ ಇಪ್ಪತ್ತು ದಿನಕ್ಕೊಮ್ಮೆ ಹಳೇದರ ಮೇಲೆ ಹೊಸದು ಬರೆದುಕೊಂಡು ಹೋಗುತ್ತೆ. ಹದಿನಾರು ತಿಂಗಳು ಬರೆದಿದೆ.

ಸಿಕ್ಕಿದ್ದು ಜೋಳದ ಚೀಲ. ಹಮಾಲರು ಹೊರ್ತಾರೆ, ಇಳಿಸ್ತಾರೆ. ಒಂದು ಕಂದು ನಾಯಿ ತಕ್ಕಡಿ ಕೆಳಗೆ ಬಂದು ಮಲಗುತ್ತೆ, ಯಾರೋ ಓಡಿಸ್ತಾರೆ, ಮತ್ತೆ ಬರುತ್ತೆ. ನಾನು ಹುಚ್ಚನ ಹಾಗೆ ಒಂದು ಗಂಟೆ ನೋಡ್ತಾ ಕೂತಿದ್ದೆ.

ಮಾರ್ಚ್ 11, ಮಂಗಳವಾರ

ಏನೂ ಇಲ್ಲ.

ಮಾರ್ಚ್ 13, ಗುರುವಾರ

ಶೇಷಪ್ಪನವರಿಗೆ ಫೋನ್ ಮಾಡಿ ಒಳಗಿದ್ದದ್ದು ವಾಪಸ್ ಬರಲ್ಲ ಸರ್ ಅಂತ ಹೇಳಿದೆ. ಡ್ರೈವ್ ಹೋದದ್ದಷ್ಟೇ ಹೇಳಿದೆ. ಹಳೇ ಡಿಸ್ಕಿನ ವಿಷಯ, ನಮ್ಮನೆ ಡ್ರೈವಿನ ವಿಷಯ ಬಾಯಿಗೆ ಬರಲಿಲ್ಲ. "ಪೂರ್ತಿನಾ?" ಅಂತ ಒಂದು ಸಲ ಕೇಳಿದರು. ಪೂರ್ತಿ ಅಂದೆ. "ಆಯ್ತು ಬಿಡಿ. ನೀವೇನು ಮಾಡಾಕಾಗ್ತದೆ, ನಿಮ್ಮದೇ ಹೋಗಿದೆ" ಅಂದರು.

ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರ ಆಗ್ತಿದ್ದೆ.

ಮಾರ್ಚ್ 20, ಗುರುವಾರ

ವ್ಯಾಪಾರ ಡಲ್. ಕೆಲಸ ಇಲ್ಲ ಅಂತ ಹಳೇ ಬಿಲ್ ನೋಡಿ ಆ ಲಾಟಿನದು ತಗೊಂಡವರಿಗೆಲ್ಲ ಫೋನ್ ಮಾಡಿದೆ. ಹದಿನೈದರಲ್ಲಿ ಹನ್ನೊಂದು ಜನ ಸಿಕ್ಕಿದರು. ಒಳಗಿರೋದು ಬೇರೆ ಕಡೆ ಕಾಪಿ ಮಾಡಿಸಿಕೊಳ್ಳಿ, ದುಡ್ಡು ಬೇಡ ಅಂದೆ. ತಾಳಗುಂದದ ಮೇಷ್ಟ್ರು "ಏನ್ರೀ ಕೊಟ್ರೇಶ್, ಎಲೆಕ್ಷನ್‌ಗೆ ನಿಲ್ತೀರಾ?" ಅಂದರು. ಉಳಿದಿದ್ದ ನಾಲ್ಕನ್ನ ಕಪಾಟಿನಿಂದ ತೆಗೆದು ಸುತ್ತಿಗೆಯಲ್ಲಿ ಕುಟ್ಟಿದೆ. ಜಾಗ ಸುಮ್ಮನೆ ತಿಂತಿದ್ದವು.

ಮಾರ್ಚ್ 30, ಭಾನುವಾರ, ಯುಗಾದಿ

ಬೆಳಿಗ್ಗೆ ಸೌಂದರ್ಯ ಹೂರಣ ರುಬ್ಬುತ್ತಿದ್ದಳು. ಆ ಮಿಕ್ಸಿ ಗರ್ರ್ ಅನ್ನೋದಕ್ಕೂ ನಾನು "ನಿಲ್ಲಿಸೇ ಅದನ್ನ" ಅಂತ ಕಿರುಚೋದಕ್ಕೂ ಸರಿಹೋಯ್ತು. ಹಬ್ಬದ ದಿನ. ಮಗಳು ಶರಣ್ಯ ಬೇವು ಬಿಡಿಸ್ತಿದ್ದವಳು ತಲೆಯೆತ್ತಿ ನೋಡಿ ರೂಮಿಗೆ ಹೋದಳು.

ಸೌಂದರ್ಯ ಸ್ವಿಚ್ ಆಫ್ ಮಾಡಿ, ಕೈ ಒರೆಸಿಕೊಂಡು, ಎದುರಿಗೆ ಬಂದು ಕೂತಳು. "ಎರಡು ತಿಂಗಳಿಂದ ನೋಡ್ತಿದೀನಿ. ಏನದು ಹೇಳಿ" ಅಂದಳು.

ಹೇಳಿದೆ. ಮನೆಯಲ್ಲೂ ಇದೇ ಅಂದದ್ದು, ಸುಡ್ರಿ ಅಂದದ್ದು, ನಮ್ಮದೂ ಹೋಯ್ತು ಅಂದದ್ದು, ಜೋಳದ ಚೀಲ. ಮಿಕ್ಸಿ ಎಲ್ಲಿಂದ ಬಂತು ಅನ್ನೋದೂ. ಅವಳು ಮಿಕ್ಸಿ ಕಡೆ ಒಮ್ಮೆ ನೋಡಿದಳು.

"ಮಿಕ್ಸಿ ಏನು ಮಾಡ್ತು ಪಾಪ" ಅಂದಳು. "ಕಂಪನಿ ಮೋಸ ಅಂತ ನೀವು ಹೇಳಿದ್ದು ನಂಗೆ ನೆನಪಿದೆ, ಅವತ್ತು ಊಟಕ್ಕೆ ಕೂತಾಗ. ಆ ಮನುಷ್ಯ ನಿಮ್ಮ ಮಗಳ ಫೋಟೋಗೆ ಅಂತ ಫೋನ್ ಮಾಡಿದ್ದನಾ?"

ಹೂಂ ಅಂದೆ.

"ಹೋಗಿ ಹೇಳಿ ಬನ್ನಿ. ಫೋನಲ್ಲಿ ಅಲ್ಲ" ಅಂದು ಎದ್ದು ಹೋದಳು. ಹೂರಣ ಅರ್ಧ ರುಬ್ಬಿದ್ದನ್ನೇ ಹೋಳಿಗೆಗೆ ತುಂಬಿದಳು. ಬೇಳೆ ಬೇಳೆ ಸಿಗ್ತಿತ್ತು, ಯಾರೂ ಏನೂ ಅನ್ನಲಿಲ್ಲ.

ಏಪ್ರಿಲ್ 6, ಭಾನುವಾರ

ಸೆಕೆ. ಹೊರಡಲಿಲ್ಲ.

ಏಪ್ರಿಲ್ 9, ಬುಧವಾರ

ಕಾಲೇಜು ಹುಡುಗಿಯೊಬ್ಬಳು ಅಮ್ಮನ ಜೊತೆ ಬಂದಿದ್ದಳು, ಎಸ್‌ಎಸ್‌ಡಿ ಬೇಕು ಅಂತ. ಅವಳಮ್ಮ ಕೌಂಟರಿಗೆ ಒರಗಿಕೊಂಡು ಅದೇ ಕೇಳಿದಳು, ನಿಮ್ಮನೇಲಿ ಯಾವುದು ಹಾಕಿದ್ದೀರಿ ಅಂತ. ಬೇಕಾದರೆ ಮನೆಗೆ ಬಂದು ನೋಡಿ ಅಂತ ಬಾಯಿಗೆ ಬಂದದ್ದನ್ನ ನುಂಗಿ, ಡಬ್ಬಿ ಮೇಲಿನ ವಾರಂಟಿ ತೋರಿಸಿದೆ. ಎಷ್ಟು ಒಳ್ಳೇದಾದರೂ ಒಂದು ದಿನ ಹೋಗುತ್ತಮ್ಮ, ಬೇಕಾದ್ದನ್ನ ಎರಡು ಕಡೆ ಇಟ್ಟುಕೊಳ್ಳಿ ಅಂದೆ. ಹೋಗೋದಾದರೆ ಯಾಕೆ ಮಾರ್ತೀರಿ ಅಂತ ಅಮ್ಮ ಮಗಳನ್ನ ಎಳೆದುಕೊಂಡು ಎದುರಂಗಡಿಗೆ ಹೋದಳು.

ಏಪ್ರಿಲ್ 13, ಭಾನುವಾರ

ಕ್ಯಾಸನೂರಿಗೆ ಹೊರಟೆ. ಶಿರಾಳಕೊಪ್ಪದವರೆಗೆ ಹೋದೆ. ಬಸ್ ಸ್ಟ್ಯಾಂಡ್ ಎದುರು ಗಾಡಿ ನಿಲ್ಲಿಸಿ ಮೆಣಸಿನಕಾಯಿ ಬೋಂಡ ತಿಂದೆ. ಇನ್ನೊಂದು ಪ್ಲೇಟ್ ತಿಂದೆ. ಗಾಡಿ ತಿರುಗಿಸಿದೆ.

ಹೋಗಿ ಬಂದ್ರಾ ಅಂದಳು ಸೌಂದರ್ಯ. ಅವರು ಊರಲ್ಲಿಲ್ಲ ಅಂದೆ. ಅವಳು ಮುಖ ನೋಡಿದಳು ಅಷ್ಟೇ. ಸುಳ್ಳು ಎಷ್ಟು ಸಲೀಸಾಗಿ ಬರುತ್ತೆ ನನಗೆ.

ಏಪ್ರಿಲ್ 27, ಭಾನುವಾರ

ಹೋಗಿ ಬಂದೆ. ಎಲ್ಲಿಂದ ಬರೀಲಿ.

ಬೆಳಿಗ್ಗೆ ಏಳಕ್ಕೆ ಬಿಟ್ಟೆ, ಎಲ್ಲೂ ನಿಲ್ಲಲಿಲ್ಲ. ಶೇಷಪ್ಪನವರ ಸಿಪಿಯು ಗಾಡಿ ಹಿಂದೆ ಕಟ್ಟಿದ್ದೆ, ಬ್ಯಾಗಿನಲ್ಲಿ ಹೊಸ ಡ್ರೈವ್. ನಮ್ಮನೇಲಿರೋ ಅದೇ ಕಂಪನಿಯದು. ಡೈರಿಯೂ ಬ್ಯಾಗಿನಲ್ಲೇ ಇತ್ತು, ಯಾಕೆ ಇಟ್ಟುಕೊಂಡೆನೋ.

ಮನೆ ಹಂಚಿನದು, ಸಣ್ಣದು. ಜಗಲಿಯ ಗೂಡಿನಲ್ಲಿ ಕಾಡಿಗೆ ಹೋಗೋ ಮುಂಚೆ ಕೈಕಾಲಿಗೆ ಹಚ್ಚಿಕೊಳ್ಳೋ ಎಣ್ಣೆ ಬಾಟಲಿಗಳು ಇನ್ನೂ ಸಾಲಾಗಿವೆ. ಯಾರಾದರೂ ಸೌದೆಗೆ ಹೊರಟರೆ ಕರೆದು ಕೊಡ್ತಾರಂತೆ, ಮಂಗನ ಕಾಯಿಲೆ ಹರಡೋ ಉಣುಗು ಹುಳ ಕಚ್ಚದೆ ಇರಲಿ ಅಂತ. ಅವರ ಹೆಂಡತಿ ಹನುಮಮ್ಮ ಕಾಫಿ ಕೊಟ್ಟರು. "ಇವ್ರೇ ಏನ್ರೀ, ಪಾಪ, ತಮ್ಮದೂ ಕಳ್ಕಂಡೋರು?" ಅಂದರು. ಲೋಟ ಕೆಳಗಿಟ್ಟೆ.

ಬಂದ ಕೂಡಲೇ ಹೇಳಬೇಕು ಅಂತ ದಾರಿ ಪೂರ್ತಿ ಅಂದುಕೊಂಡು ಬಂದಿದ್ದೆ. ಹೇಳಲಿಲ್ಲ. ಮೊದಲು ಡ್ರೈವ್ ಹಾಕಿಬಿಡೋಣ ಅಂದುಕೊಂಡೆ. ಹಾಕಿದೆ. ವಿಂಡೋಸ್ ಆದಮೇಲೆ ಹೇಳೋಣ ಅಂದುಕೊಂಡೆ. ಅದೂ ಆಯ್ತು. ನುಡಿ ಹಾಕ್ತಾ ಇದ್ದಾಗ ರೋಜಾ ಬಂದಳು.

ಇಪ್ಪತ್ತಾರೋ ಇಪ್ಪತ್ತೇಳೋ ಇರಬಹುದು. ಕೈಯಲ್ಲಿ ಕುಂಕುಮದ ಭರಣಿ, ಮನೆ ಮನೆಗೆ ಕರೆಯೋಕೆ ಹೊರಟಿದ್ದಳು. ಶೇಷಪ್ಪನವರು ಅವಳನ್ನ ಕೂರಿಸಿದರು. "ನೋಡವ್ವ, ನಾನು ಕೊಟ್ಟ ಮಾತು ನಡೆಸಾಕೆ ಆಗಲಿಲ್ಲ. ನಿಮ್ಮಮ್ಮನ ಪುಟ ಹೋಯ್ತು. ನಾನೇ ಸುಟ್ಟೆ. ಒಂದು ಬುಕ್ಕಾದ್ರೂ ಇಟ್ಕಾಬೇಕಿತ್ತು. ನನ್ನದೇ ತಪ್ಪು" ಅಂದರು.

ಸುಡಬಹುದಾ ಅಂತ ಕೇಳಿದ್ದನ್ನ ಹೇಳಲೇ ಇಲ್ಲ. ನಾನು ಅಲ್ಲೇ ಇದ್ದೆ, ಎರಡು ಮೊಳ ದೂರದಲ್ಲಿ. ಅವರಿಗೆ ಅದು ನೆನಪಿತ್ತು ಅಂತ ನನಗೆ ಆವಾಗ ಖಾತ್ರಿಯಾಯ್ತು. ನನ್ನ ಕಡೆ ನೋಡಬಾರದು ಅಂತ ಬೇಕೆಂದೇ ಬಾಗಿಲ ಕಡೆ ನೋಡ್ತಿದ್ದರು.

ರೋಜಾ ಅಳಲಿಲ್ಲ. ಭರಣಿಯ ಮುಚ್ಚಳ ತೆಗೆದಳು, ಮುಚ್ಚಿದಳು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮನೇದೂ ಹೋಯ್ತಂತಲ್ಲ ಅಣ್ಣ, ಅಜ್ಜ ಹೇಳ್ತಿದ್ರು. ನಿಮ್ಮಮ್ಮನ ಫೋಟೋ ಇತ್ತಾ ಅದ್ರಾಗೆ?" ಅಂದಳು.

ಹೂಂ ಅಂದಿದ್ದರೆ ಮುಗೀತಿತ್ತು. ನಾಲಿಗೆ ತುದಿಗೆ ಬಂದಿತ್ತು ಕೂಡ.

"ಹೋಗಿಲ್ಲಮ್ಮ" ಅಂದೆ. "ನಮ್ಮನೇಲಿ ಅದು ಇರಲೇ ಇಲ್ಲ. ನಮ್ಮನೇಲಿ ಒಳ್ಳೇದು ಹಾಕ್ಕೊಂಡು ಅಜ್ಜನಿಗೆ ಅದನ್ನ ಕೊಟ್ಟೆ. ಕಾಪಿ ಬೇಡ ಅಂದೋನು ನಾನು. ಬುಕ್ಕು ಸುಡಿ ಅಂದೋನೂ ನಾನು. ಹಳೇ ಡಿಸ್ಕ್ ನನ್ನ ಹತ್ರಾನೇ ಇತ್ತು, ಅದನ್ನ ಜೋಳದ ಅಂಗಡಿ ಕ್ಯಾಮೆರಾಕ್ಕೆ ಹಾಕಿ ಅಳಿಸಿದೆ." ಒಂದೇ ಉಸಿರಿಗೆ ಹೇಳಿದೆ. ನಿಲ್ಲಿಸಿದರೆ ಮುಂದೆ ಬರಲ್ಲ ಅಂತ ಗೊತ್ತಿತ್ತು.

ಒಳಗೆ ಹನುಮಮ್ಮನವರ ಪಾತ್ರೆ ಸದ್ದು ನಿಂತಿತು.

ರೋಜಾ ನನ್ನನ್ನೇ ನೋಡಿದಳು. ಸಿಟ್ಟೇನೂ ಕಾಣಲಿಲ್ಲ, ಲೆಕ್ಕ ಹಾಕಿ ನೋಡೋ ಹಾಗಿತ್ತು. "ಹಂಗಾರೆ ನಿಮ್ದೆಲ್ಲ ಐತೆ" ಅಂದಳು.

"ಇದೆಯಮ್ಮ" ಅಂದೆ. ಶರಣ್ಯಳ ನಾಮಕರಣದ ಫೋಟೋ, ನಮ್ಮವ್ವನ ಅರವತ್ತರ ವಿಡಿಯೋ, ಎಲ್ಲ ಇದೆ. ಒಂದೂ ಹೋಗಿಲ್ಲ.

ಶೇಷಪ್ಪನವರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿಕೊಂಡರು, ಬಹಳ ಹೊತ್ತು ಒರೆಸಿದರು. "ಈಗ ಹಾಕಿದ್ದು?" ಅಂದರು. ಇದು ನಮ್ಮನೇಲಿರೋದೇ ಸರ್ ಅಂದೆ. "ಹೂಂ" ಅಂದರು. ನಂಬಿದರೋ ಇಲ್ಲವೋ ತಿಳೀಲಿಲ್ಲ. ನಂಬಿ ಅನ್ನೋಕೆ ನನಗೆ ಬಾಯಿ ಎಲ್ಲಿದೆ.

ನಾನು ಎದ್ದೆ. ಹೊರಡೋಣ ಅಂತ ಬ್ಯಾಗ್ ಎತ್ತಿಕೊಂಡಾಗ "ಕೂತ್ಕೊಳ್ಳಿ. ಪೆನ್ ಐತಾ?" ಅಂದರು. "ನನಗೆ ಕೈ ನಡುಗ್ತದೆ. ನಾನು ಹೇಳ್ತೀನಿ, ಬರ್ಕೊಳ್ಳಿ. ನೆನಪಿದ್ದಷ್ಟು." ರೋಜಾ ಕಂಬಕ್ಕೆ ಒರಗಿ ಕೂತಳು. ಬೇರೆ ಹಾಳೆ ಇರಲಿಲ್ಲ, ಈ ಡೈರಿಯಲ್ಲೇ ಬರೆದೆ. ಬರೆದ ಪುಟ ಹರಿದು ಅವಳಿಗೆ ಕೊಟ್ಟು ಬಂದೆ. ಅದರಲ್ಲಿದ್ದದ್ದನ್ನ, ಶೇಷಪ್ಪನವರು ಹೇಳಿದ ಹಾಗೇ, ಇಲ್ಲಿ ಮತ್ತೆ ಬರೆದಿಡ್ತಿದ್ದೇನೆ, ಎರಡು ಕಡೆ ಇರಲಿ.

ಹಾಲಮ್ಮ. ವಯಸ್ಸು ಇಪ್ಪತ್ತೆರಡೋ ಇಪ್ಪತ್ಮೂರೋ. ಗೊಬ್ಬರಕ್ಕೆ ತರಗೆಲೆ ಗುಡಿಸೋಕೆ ಕಾಡಿಗೆ ಹೋಗ್ತಿದ್ದಳು. ಹಳ್ಳದ ದಂಡೆಯಲ್ಲಿ ಮಂಗ ಸತ್ತಿತ್ತು. ನಾಲ್ಕನೇ ದಿನಕ್ಕೆ ಜ್ವರ. ನಾನು ಹೋದಾಗ ಗೋಡೆಗೆ ಒರಗಿ ಕೂತಿದ್ದಳು. ರಕ್ತ ತೆಗೆಯುವಾಗ ಮಗುವನ್ನ ನನ್ನ ತೊಡೆ ಮೇಲೆ ಕೂರಿಸಿದಳು. ಮಗು ನನ್ನ ಜೇಬಿನ ಪೆನ್ ಕಿತ್ತುಕೊಂಡು ಬಿಡಲೇ ಇಲ್ಲ. ಅಷ್ಟು ಜ್ವರದಲ್ಲೂ ಹಾಲಮ್ಮ ನಕ್ಕಳು. ಇದನ್ನ ಬುಕ್ಕಿನಲ್ಲಿ ಬರೆದಿರಲಿಲ್ಲ. ಮೇಲಿನ ಹಲ್ಲು ಒಂದರ ಮೇಲೊಂದು ಇತ್ತು. ಶಿವರಾತ್ರಿ ಕಳೆದಿತ್ತು, ಹೋಳಿ ಆಗಿರಲಿಲ್ಲ.

ತೀರಿದ ದಿನ ಯಾವುದು ಅಂತ ನೆನಪಿಸಿಕೊಳ್ಳೋಕೆ ಶೇಷಪ್ಪನವರು ಕಣ್ಣು ಮುಚ್ಚಿ ಬಹಳ ಹೊತ್ತು ಕೂತರು. ಬುಕ್ಕಿನ ಬಲಗಡೆ ಮೂಲೆಯಲ್ಲಿ, ಕೆಂಪು ಇಂಕಿನಲ್ಲಿ ಬರೆದಿದ್ದೆ ಅಂದರು. ಎಲ್ಲಿ ಬರೆದದ್ದು ಕಾಣ್ತಿದೆ, ಏನು ಬರೆದದ್ದು ಕಾಣ್ತಿಲ್ಲ ಅಂದರು. ರೋಜಾ ಬಿಡಿ ಅಜ್ಜ ಅಂದಳು.

ತೀರಿಕೊಂಡ ದಿನ ಅಂತ ಬರೆದು, ಮುಂದೆ ಜಾಗ ಬಿಟ್ಟಿದ್ದೇನೆ.